ಎರಡು ಕಂಸಗಳ ವಧೆ

ಕಳೆದ ತಿಂಗಳು ಒಂಬತ್ತನೇ ತರಗತಿಯ ಉತ್ತರಪತ್ರಿಕೆ ಹಂಚುವಾಗ ಒಬ್ಬ ಹುಡುಗಿ ಎದ್ದು ನಿಂತಳು. ಲೇಖನಚಿಹ್ನೆಗಳ ಪ್ರಶ್ನೆಯಲ್ಲಿ ಅವಳು ಕಂಸ ಹಾಕುವುದನ್ನು ಮರೆತಿದ್ದಳು, ನಾನು ಅರ್ಧ ಅಂಕ ಕತ್ತರಿಸಿದ್ದೆ.

"ಟೀಚರ್, ಉಳದದ್ದೆಲ್ಲಾ ಬರೋಬ್ಬರಿ ಐತ್ರಿ. ಒಂದ ಕಂಸ ಬಿಟ್ರ ಏನಾಗತೈತ್ರಿ?"

ಮುದ್ದೇಬಿಹಾಳದಲ್ಲಿ ಇಪ್ಪತ್ತೇಳು ವರ್ಷದಿಂದ ಕನ್ನಡ ಕಲಿಸುತ್ತಿದ್ದೇನೆ. ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬಲ್ಲವರು ಇಡೀ ಜಿಲ್ಲೆಯಲ್ಲಿ ಯಾರಾದರೂ ಇದ್ದರೆ ಅದು ನಾನೇ. ಆದರೂ ಕೊಡಲಿಲ್ಲ. "ಅರ್ಧ ಅಂಕ ಹೋಗತೈತಿ, ಕುಂಡ್ರು" ಎಂದು ಬಾಯಿ ಮುಚ್ಚಿಸಿದೆ. ಮಕ್ಕಳ ಮುಂದೆ ಹೇಳಿದರೆ ನನ್ನ ಮರ್ಯಾದೆಯ ಗತಿ ಏನು? ನಿಮ್ಮ ಮುಂದೆ ಹೇಳಬಹುದು. ನೀವು ನನ್ನ ಹತ್ತಿರ ಪೇಪರ್ ತಿದ್ದಿಸಿಕೊಳ್ಳುವವರಲ್ಲ.

ನನ್ನ ಸೋದರಮಾವ ಗುರಪ್ಪ ಮಸೂತಿ ಎಂಬ ಊರಿನಲ್ಲಿ ಟೇಲರ್. ಎಂಬತ್ತರ ಹೊಸ್ತಿಲಲ್ಲಿದ್ದಾನೆ, ಇವತ್ತಿಗೂ ಮಷೀನಿನ ಮುಂದೆ ಕೂರುತ್ತಾನೆ. ಈಗ ಜನ ರೆಡಿಮೇಡ್ ತೊಡುವುದರಿಂದ ದಿಂಬಿನ ಚೀಲ ಹೊಲಿಯುವುದೇ ಜಾಸ್ತಿ. ಆದರೆ ಸುತ್ತಲಿನ ನಾಲ್ಕು ತಾಲೂಕಿನಲ್ಲಿ ಅವನನ್ನು ಟೇಲರ್ ಎಂದು ಯಾರೂ ಕರೆಯುವುದಿಲ್ಲ, ಕವಿ ಅನ್ನುತ್ತಾರೆ. ನಮ್ಮ ಕಡೆ ನಾಟಕ ಬರೆದವನೇ ಕವಿ. ಪದ್ಯದ ಒಂದು ಸಾಲೂ ಬರೆಯದಿದ್ದರೆ ನಡೆದೀತು, ನಾಟಕದ ಹೆಸರಿನ ನಡುವೆ ಮಾತ್ರ ಒಂದು ಅರ್ಥಾತ್ ಇರಲೇಬೇಕು. ಮೊದಲನೆಯ ಹೆಸರು ಅರ್ಥವಾಗದವರು ಎರಡನೆಯದನ್ನು ಓದಿಯಾದರೂ ಬರಲಿ ಎಂದು ಈ ಏರ್ಪಾಡು.

ಮಾಮಾ ಬರೆದ ಐದು ನಾಟಕಗಳಲ್ಲಿ ನಾಲ್ಕನ್ನು ಅವನೇ ಮರೆತಿದ್ದಾನೆ. ಉಳಿದದ್ದು ಒಂದು: 'ಸೊಸಿ ತಂದ ಸಂದೂಕ ಅರ್ಥಾತ್ ಮಾವ ಕಳಕೊಂಡ ಮಾನ'. ಗೌರವ್ವ ಎಂಬ ಸೊಸೆ ತವರಿನಿಂದ ಒಂದು ತಗಡಿನ ಸಂದೂಕ ತಂದಿರುತ್ತಾಳೆ. ಅದಕ್ಕೆ ಸದಾ ಕೀಲಿ. ಗೋವಾಕ್ಕೆ ದುಡಿಯಲು ಹೋದ ಗಂಡನ ಸುದ್ದಿಯಿಲ್ಲ. ಒಂದು ದಿನ ಮನೆಯ ಬಂಗಾರದ ಸರ ಕಾಣೆಯಾಗುತ್ತದೆ. ಸಂದೂಕ ತೆಗೆದು ತೋರಿಸು ಅನ್ನುತ್ತಾನೆ ಮಾವ. ನಂಬಿಕೆಯಿಲ್ಲದ ಮನೆಯಲ್ಲಿ ಕೀಲಿ ತೆಗೆಯುವುದಿಲ್ಲ ಅನ್ನುತ್ತಾಳೆ ಸೊಸೆ. ಹಾಗಾದರೆ ತವರಿಗೆ ಹೋಗು ಅನ್ನುವಲ್ಲಿಗೆ ಎರಡನೆಯ ಅಂಕ ಮುಗಿಯುತ್ತದೆ. ಸಂದೂಕದಲ್ಲಿ ಏನಿತ್ತೆಂದು ಮೂರನೆಯ ಅಂಕದಲ್ಲಿ ಗೊತ್ತಾಗುತ್ತದೆ, ಅದನ್ನು ಇಲ್ಲಿ ಹೇಳಿ ಮಾಮಾನ ಹೊಟ್ಟೆಯ ಮೇಲೆ ಹೊಡೆಯುವುದಿಲ್ಲ.

ಎರಡನೆಯ ಅಂಕದ ಕೊನೆಯ ಮಾತನ್ನು ಅವನು ಬರೆದದ್ದು ಹೀಗೆ:

ಮಾವ: (ಸ್ವಲ್ಪ ತಡೆದು) ಹೋಗವ್ವ.

ಪುಸ್ತಕ ಅಚ್ಚಾಗಿ ಬಂದಾಗ ಅದು ಹೀಗಿತ್ತು:

ಮಾವ: ಸ್ವಲ್ಪ ತಡೆದು ಹೋಗವ್ವ.

ನಾಟಕದಲ್ಲಿ ಕಂಸದ ಒಳಗಿರುವುದು ನಟ ಮಾಡಬೇಕಾದದ್ದು, ಹೊರಗಿರುವುದು ಬಾಯಿಬಿಟ್ಟು ಆಡಬೇಕಾದದ್ದು. ಮಾಮಾನ ಲೆಕ್ಕದಲ್ಲಿ ಕಲ್ಲಿನಂಥ ಮುದುಕ ಒಂದು ಗಳಿಗೆ ಸುಮ್ಮನೆ ನಿಂತು, ಆಮೇಲೆ ಹೋಗು ಅನ್ನಬೇಕಿತ್ತು. ಕಂಸ ಬಿದ್ದುಹೋದ ಮೇಲೆ ಅದೇ ಮುದುಕ, ಈಗಲೇ ಹೋಗಬೇಡ, ಒಂದಿಷ್ಟು ಇದ್ದು ಹೋಗು ಎಂದುಬಿಟ್ಟ.

ಆ ಎರಡು ಕಂಸಗಳನ್ನು ವಧಿಸಿದವಳು ನಾನು.

ಆಗ ನಾನು ಬಿ.ಎ. ಎರಡನೇ ವರ್ಷದಲ್ಲಿದ್ದೆ. ಅಕ್ಷರ ದುಂಡಗಿವೆ ಎಂದು ಮಾಮಾ ಪ್ರೆಸ್ಸಿಗೆ ಕೊಡುವ ಚೊಕ್ಕ ಪ್ರತಿ ಬರೆಯಲು ನನಗೆ ಹೇಳಿದ. ಅವನು ನಾಟಕ ಬರೆದಿದ್ದದ್ದು ಗಿರಾಕಿಗಳ ಅಳತೆ ಪುಸ್ತಕದಲ್ಲಿ. ಗೌರವ್ವ ಕರುಳು ಕಿತ್ತು ಬರುವಂತೆ ಅಳುವ ಜಾಗದ ಮಗ್ಗುಲಲ್ಲೇ ಊರಿನ ಮಾಸ್ತರರ ಪ್ಯಾಂಟಿನ ಸೊಂಟ, ಉದ್ದ, ಪಾದದ ಹತ್ತಿರದ ಮೋರಿಯ ಅಗಲ. ಅದನ್ನೆಲ್ಲ ಬಿಟ್ಟು ಮಾತನ್ನಷ್ಟೇ ಹೆಕ್ಕಿ ಬರೆಯಬೇಕು. ಅವನ ಕಂಸಗಳೋ, ಕುಪ್ಪಸದ ಕೊರಳಿಗೆ ಗುರುತು ಹಾಕಿದ ಹಾಗೆ ಅಗಲವಾಗಿ ಬಾಗಿಕೊಂಡು ಅರ್ಧ ಪುಟ ತಿನ್ನುತ್ತಿದ್ದವು.

ಮೊದಲನೆಯ ಅಂಕ ಮುಗಿಯುವಷ್ಟರಲ್ಲಿ ನನಗೆ ಕಂಸ ಹಾಕಿ ಹಾಕಿ ಬೇಸರ ಬಂತು. ಜೊತೆಗೆ ನಾನು ಕಾಲೇಜಿನಲ್ಲಿ ಕನ್ನಡಕ್ಕೆ ಮೊದಲನೆಯವಳು, ತಲೆಯಲ್ಲಿ ಉಪಾಯಗಳಿಗೆ ಬರವಿರಲಿಲ್ಲ. ಕಂಸ ಯಾಕೆ ಬೇಕು, ಮಾತನ್ನು ನೀಲಿ ಶಾಯಿಯಲ್ಲಿ ಬರೆದು, ಮಾಡುವುದನ್ನು ಹಸಿರು ಶಾಯಿಯಲ್ಲಿ ಬರೆದರಾಯಿತು ಎಂದುಕೊಂಡೆ. ಅಳುತ್ತ, ನಗುತ್ತ, ಎದೆ ಬಡಿದುಕೊಳ್ಳುತ್ತ ಎಲ್ಲ ಹಸಿರಾದವು. ನನ್ನ ಜಾಣತನಕ್ಕೆ ನಾನೇ ಮರುಳಾಗಿದ್ದಾಗ ಎರಡನೆಯ ಅಂಕದ ಕಟ್ಟಕಡೆಗೆ ಹಸಿರು ಪೆನ್ನು ಖಾಲಿಯಾಯಿತು. 'ಸ್ವಲ್ಪ ತಡೆದು' ಎಂಬುದನ್ನು ನೀಲಿಯಲ್ಲೇ ಬರೆದೆ, ಆಮೇಲೆ ಕಂಸ ಹಾಕೋಣವೆಂದು. ಅಷ್ಟರಲ್ಲಿ ಅವ್ವ ಶ್ಯಾವಿಗೆ ಒಣಹಾಕಲು ಮಾಳಿಗೆಗೆ ಕರೆದಳು. ಆ ಆಮೇಲೆ ಇನ್ನೂ ಬಂದಿಲ್ಲ.

ಪ್ರೆಸ್ಸು ಮಾಮಾನ ಗೆಳೆಯ ಸಂಗಪ್ಪನದು. ಇಬ್ಬರೂ ಒಂದೇ ಬೆಂಚಿನಲ್ಲಿ ಕಲಿತವರು, ಒಂದೇ ಸೈಕಲ್ಲಿನಲ್ಲಿ ಊರೂರಿಗೆ ನಾಟಕ ನೋಡಲು ಹೋದವರು. ಅಚ್ಚಿನ ಮೊಳೆ ಜೋಡಿಸುವಾಗ ಸಂಗಪ್ಪ ನನ್ನ ಹಸಿರನ್ನೆಲ್ಲ ಅರ್ಥಮಾಡಿಕೊಂಡು ತಾನೇ ಕಂಸ ಹಾಕಿದ್ದ, ಪಾಪ. ನೀಲಿಯಲ್ಲಿದ್ದದ್ದನ್ನು ಮಾತೆಂದುಕೊಂಡ. ಪುಸ್ತಕ ಬಂದ ದಿನ ಮಾಮಾ ಪ್ರೆಸ್ಸಿಗೆ ಹೋಗಿ ಒಂದು ತಾಸಿನ ಮೇಲೆ ಕೆಂಪು ಮುಖ ಮಾಡಿಕೊಂಡು ತಿರುಗಿ ಬಂದ. "ಸಂಗ್ಯಾ ನನ್ನ ನಾಟಕ ಕೆಡಿಸಿದ. ಇನ್ನ ಆಂವ ನನಗ ಸತ್ತಾಂಗ" ಅಂದ. ನಾನು ಒಳಗಿನ ಕೋಣೆಯಲ್ಲಿ ಕೂತು ಕೇಳಿಸಿಕೊಂಡೆ. ಅವತ್ತಿನಿಂದ ಮೂವತ್ತೆರಡು ವರ್ಷ ಅವರಿಬ್ಬರೂ ಒಂದು ಮಾತು ಆಡಿರಲಿಲ್ಲ. ತಪ್ಪು ನನ್ನದೆಂದು ಹೇಳಿಬಿಡಬೇಕೆಂದು ಪ್ರತಿ ಪಂಚಮಿಗೂ ಮಸೂತಿಗೆ ಹೋಗುತ್ತಿದ್ದೆ, ಉಂಡಿ ತಿಂದು ಬರುತ್ತಿದ್ದೆ. ನನ್ನ ಧೈರ್ಯವೆಲ್ಲ ಒಂಬತ್ತನೇ ತರಗತಿಯ ಮಕ್ಕಳ ಮುಂದೆ ಮಾತ್ರ.

ಇತ್ತ ನಾಟಕದ ಕಥೆ ಬೇರೆಯೇ ಆಯಿತು. ಸ್ವಲ್ಪ ತಡೆದು ಹೋಗು ಅಂದ ಮೇಲೆ ಸೊಸೆ ತಡೆಯಬೇಕಲ್ಲ. ಮುಂದೆ ಪುಸ್ತಕದಲ್ಲಿರುವುದು 'ಹೋಗುವಳು' ಎಂಬುದೊಂದೇ. ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು, ಏನು ಮಾಡುತ್ತ, ಒಂದನ್ನೂ ಕವಿ ಬರೆದಿಲ್ಲ. ಹೀಗಾಗಿ ಊರೂರಿನವರು ತಮಗೆ ತಿಳಿದ ಹಾಗೆ ಮಾಡಿಕೊಂಡರು. ಅವಳು ಸಂದೂಕದ ಮೇಲೆ ಕೂರುವುದು ಎಲ್ಲ ಕಡೆ ಒಂದೇ. ಸಿಂದಗಿ ಕಡೆ ಹಾರ್ಮೋನಿಯಂ ಮಾಸ್ತರರು ಅಲ್ಲೊಂದು ಹಾಡು ತುರುಕಿದರು. ಬಾಗೇವಾಡಿ ಕಡೆ ಮಾವ ಒಳಗಿಂದ ಒಂದು ತಂಬಿಗೆ ನೀರು ತಂದುಕೊಟ್ಟ. ನಮ್ಮ ಮುದ್ದೇಬಿಹಾಳದ ಹತ್ತಿರದ ಒಂದು ಹಳ್ಳಿಯಲ್ಲಂತೂ ಮುಂದೆ ಕೂತಿದ್ದ ಹೆಂಗಸರು ತಡೆಯಲಾರದೆ ವೇದಿಕೆ ಹತ್ತಿ ಆ ನಟಿಯ ಉಡಿ ತುಂಬಿಬಿಟ್ಟರು. ಹೆಣ್ಣುಮಗಳು ತವರಿಗೆ ಹೊರಟರೆ ಬರಿ ಉಡಿಯಲ್ಲಿ ಕಳಿಸುವುದುಂಟೇ? ಮುಂದಿನ ವರ್ಷದಿಂದ ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಖಣ ಮನೆಯಿಂದಲೇ ಕಟ್ಟಿಕೊಂಡು ನಾಟಕಕ್ಕೆ ಬರತೊಡಗಿದರು. ಆ ಖಣಗಳನ್ನು ನಟಿಯರು ಹೊಲಿಸಲು ತರುತ್ತಿದ್ದದ್ದು ಮಾಮಾನ ಅಂಗಡಿಗೇ.

"ಕವಿಗಳ, ಅದೊಂದ ಮಾತ ಎಲ್ಲಿಂದ ತಂದ್ರಿ?" ಎಂದು ಜನ ಕೇಳಿದರೆ ಮಾಮಾ ಬಾಯಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಮಷೀನು ತುಳಿಯುತ್ತಿದ್ದ. ಗುಂಡುಸೂಜಿ ಕಚ್ಚಿದವನನ್ನು ಯಾರೂ ಹೆಚ್ಚು ಮಾತಾಡಿಸುವುದಿಲ್ಲ.

ಇಷ್ಟು ವರ್ಷ ಹೀಗೇ ನಡೆದಿದ್ದರೆ ನಾನೂ ಉಂಡಿ ತಿನ್ನುತ್ತಲೇ ಇರುತ್ತಿದ್ದೆ. ಆದರೆ ಈಚೆಗೆ ಎರಡು ವರ್ಷದೊಳಗೆ ಮೂವರು ಈ ನಾಟಕವನ್ನು ಸಿನೆಮಾ ಮಾಡಿದರು. ಮೂವರೂ ಮಾಮಾನ ಕಾಲಿಗೆ ಬಿದ್ದು ಒಪ್ಪಿಗೆ ಪಡೆದರು, ಕಾಲಿಗೆ ಬಿದ್ದವರಿಗೆ ಇಲ್ಲ ಅನ್ನುವುದು ಅವನಿಗೆ ಬರುವುದಿಲ್ಲ. ಪುಸ್ತಕ ಒಂದೇ. ಸಿನೆಮಾಗಳು ಮಾತ್ರ ಒಂದರ ಮುಖ ಇನ್ನೊಂದಕ್ಕೆ ಗುರುತು ಸಿಗದ ಹಾಗೆ ಬಂದವು. ನನಗೆ ಮೂರರಲ್ಲೂ ಬೇಕಿದ್ದದ್ದು ಒಂದೇ ಜಾಗ. ಈ ಪುಣ್ಯಾತ್ಮರು ನನ್ನ ತಪ್ಪನ್ನು ಏನು ಮಾಡಿದ್ದಾರೆ?

ಮೊದಲನೆಯವನು ಸಿಂದಗಿಯ ಯಲ್ಲಾಲಿಂಗ. ಮದುವೆಯ ವಿಡಿಯೋ ತೆಗೆಯುವವನು. ಆಷಾಢದಲ್ಲಿ ಮದುವೆ ಇರುವುದಿಲ್ಲ, ಕ್ಯಾಮೆರಾ, ಡ್ರೋನು, ಹುಡುಗರು ಎಲ್ಲ ಖಾಲಿ, ಆ ಒಂದು ತಿಂಗಳಲ್ಲಿ ಸಿನೆಮಾ ಮುಗಿಸಿ ಯೂಟ್ಯೂಬಿಗೆ ಹಾಕಿದ. ಮಾಮಾನ ಅಂಗಡಿಯಲ್ಲಿ ಫೋನನ್ನು ಮಷೀನಿಗೆ ಒರಗಿಸಿಟ್ಟು ಇಬ್ಬರೂ ನೋಡಿದೆವು. ಕೈ ರೂಢಿ ಎಲ್ಲಿ ಹೋಗುತ್ತದೆ? ಮಾವ ಸಿಟ್ಟಿನಿಂದ ಮನೆಗೆ ಬರುವ ದೃಶ್ಯದಲ್ಲಿ ಮೊದಲು ಅವನ ಚಪ್ಪಲಿ, ಆಮೇಲೆ ಕೈಗಡಿಯಾರ, ಆಮೇಲೆ ಮೇಲಿನಿಂದ ಇಡೀ ಊರು, ಕಡೆಗೆ ನಿಧಾನವಾಗಿ ತಲೆಯೆತ್ತುವ ಮುಖ. ಅಕ್ಷತೆ ಬೀಳುವುದೊಂದು ಬಾಕಿ.

ಆ ಜಾಗ ಬಂತು. ಮಾವ, "ಸ್ವಲ್ಪ ತಡದು ಹೋಗವ್ವ" ಅಂದ. ಗೌರವ್ವ ಸಂದೂಕದ ಮೇಲೆ ಕೂತಳು. ಕೂತದ್ದೇ ತಡ, ಆಲಮಟ್ಟಿಯ ಉದ್ಯಾನದಲ್ಲಿ ಕಾರಂಜಿಯ ಮುಂದೆ ಕುಣಿಯುತ್ತಿದ್ದಳು. ಗೋವಾಕ್ಕೆ ಹೋದ ಗಂಡ ಅದಕ್ಕಾಗಿಯೇ ಬಂದವನ ಹಾಗೆ ಬಂದು ಆರು ನಿಮಿಷ ಕುಣಿದು ಮತ್ತೆ ಗೋವಾಕ್ಕೆ ಹೋದ. ಅವಳು ತಿರುಗಿ ಸಂದೂಕದ ಮೇಲೆ ಬಂದು ಕೂತಾಗ ಅಂಗೈ ತುಂಬ ಮೆಹಂದಿ ಇತ್ತು. ಮೊದಲು ಇರಲಿಲ್ಲ.

"ಕುಬಸ ಹೊಲಿ ಅಂತ ಕೊಟ್ರ ನೈಟಿ ಹೊಲದ ಕೊಟ್ಟಾನ ಮಗಾ" ಅಂದ ಮಾಮಾ.

ಅಷ್ಟರಲ್ಲಿ ಯಲ್ಲಾಲಿಂಗನದೇ ಫೋನು ಬಂತು. "ಕವಿಗಳ, ಹ್ಯಾಂಗಾಗೇತ್ರಿ?"

"ಚಲೋ ಐತಪಾ. ಸ್ವಲ್ಪ ಅಂದ್ರ ಎಷ್ಟೊತ್ತು?"

"ಹಾಡ ಮುಗಿಯೂತನಕಾರಿ" ಅಂದ ಅವನು, ಒಂದು ಚೂರೂ ಅನುಮಾನವಿಲ್ಲದೆ.

ನಗುತ್ತ ನೋಡಿದೆನಾದರೂ ಒಂದು ನಿಜ ಹೇಳಬೇಕು. ಆ ಮೆಹಂದಿಯ ಕೈಯನ್ನು ಮುಚ್ಚಿಕೊಂಡು ಅವಳು ಎದ್ದು ಹೊರಟಾಗ ನನ್ನ ಕಣ್ಣು ಒದ್ದೆಯಾದವು. ಮದುವೆಯ ವಿಡಿಯೋದವನಿಗೆ ಹೆಣ್ಣುಮಗಳು ಮನೆ ಬಿಟ್ಟು ಹೊರಡುವುದನ್ನು ಹೇಗೆ ತೋರಿಸಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಎರಡನೆಯವನು ಅನಿರುದ್ಧ. ಧಾರವಾಡದ ಹುಡುಗ, ಪುಣೆಯಲ್ಲಿ ಸಿನೆಮಾ ಓದಿದವನು. ಚರ್ಚೆ ಮಾಡಬೇಕು ಎಂದು ಮುದ್ದೇಬಿಹಾಳಕ್ಕೆ ನಮ್ಮ ಮನೆಗೇ ಬಂದ. ಸಕ್ಕರೆ ಇಲ್ಲದ ಚಹಾ ಕೇಳಿದಾಗಲೇ ಇದು ಬೇರೆ ಜಾತಿಯ ಸಿನೆಮಾ ಎಂದು ತಿಳಿಯಿತು. ಹೆಸರನ್ನು 'ಕೀಲಿ' ಎಂದು ಮಾಡಿದ್ದ. ಅರ್ಥಾತ್ ಹೋಗಿತ್ತು. ಮೂರು ಅಂಕದ ಮಾತನ್ನು ಭಟ್ಟಿ ಇಳಿಸಿ ಎರಡು ಪುಟಕ್ಕೆ ತಂದಿದ್ದ.

"ನಾಟಕದಾಗಿನ ಮಾತೆಲ್ಲಾ ತಗದ್ರ ಉಳಿಯೂದೇನಪಾ?" ಎಂದೆ.

"ಉಳಿಯೂದ ಸಿನೆಮಾ, ಮೇಡಂ" ಅಂದ. ಆಮೇಲೆ ಪುಸ್ತಕ ತೆಗೆದು ಬೆರಳಿಟ್ಟು ತೋರಿಸಿದ. "ಇದೊಂದ ಸಾಲು ನನಗ ಭಾಳ ಕಿರಿಕಿರಿ ಮಾಡ್ತು. ಎಲ್ಲಾರೂ ಊರ ಮಾತ ಆಡ್ತಾರ, ಇಲ್ಲಿ ಮುದುಕ 'ತಡೆದು' ಅಂತಾನ. ಪುಸ್ತಕದ ಮಾತು. ನಾ ಅದನ್ನ ತಗದೇನಿ. ಆಂವ ಸುಮ್ಮ ನಿಂದರ್ತಾನ, ಆಮ್ಯಾಲ 'ಹೋಗವ್ವ' ಅಂತಾನ. ಅಷ್ಟ."

ಕಂಸ ಬಿದ್ದದ್ದನ್ನು ಯಾರೂ ಹೇಳದೆಯೇ ಈ ಹುಡುಗ ಅದನ್ನು ಎತ್ತಿ ಮತ್ತೆ ಹಾಕಿದ್ದಾನೆ. ಮೂವತ್ತೆರಡು ವರ್ಷದ ನನ್ನ ಪಾಪ ಪುಣೆಯ ಕಡೆಯಿಂದ ತೊಳೆದುಹೋಗುತ್ತಿದೆ. ಇನ್ನೊಂದು ಚಹಾ ಮಾಡುತ್ತೇನೆ ಕೂಡಪ್ಪ ಎಂದೆ, ಅವನು ಅದಕ್ಕೂ ಸಕ್ಕರೆ ಬೇಡ ಅಂದ.

ಸಿನೆಮಾ ಮುಗಿದ ಮೇಲೆ ಲಿಂಕು ಕಳಿಸಿದ. ಒಂದು ಭಾನುವಾರ ಮಧ್ಯಾಹ್ನ ಮಾಮಾನನ್ನು ಕರೆಸಿಕೊಂಡು ನಮ್ಮ ಮನೆಯ ಲ್ಯಾಪ್‌ಟಾಪಿನಲ್ಲಿ ಹಚ್ಚಿದೆ. ಕೊಲ್ಹಾರದ ಹಿನ್ನೀರಿನ ದಂಡೆಯಲ್ಲಿ ಚಿತ್ರೀಕರಿಸಿದ್ದರು. ನೀರು, ಒಂದು ಎಮ್ಮೆ, ಮತ್ತೆ ನೀರು. ಎಮ್ಮೆ ಎದ್ದು ಹೋದ ಮೇಲೆಯೂ ನೀರು. ಮಾಮಾ ಎರಡು ಸಲ ತೂಕಡಿಸಿದ, ಎರಡು ಸಲವೂ ತಿವಿದು ಎಬ್ಬಿಸಿದೆ. ಈ ಒಂದು ಸಾಲಿಗಾಗಿ ಅವನು ಜೀವಮಾನವಿಡೀ ಕಾದಿದ್ದಾನೆ, ನಿದ್ದೆಯಲ್ಲಿ ಕಳೆದುಕೊಳ್ಳಬಾರದು ಎಂಬುದು ನನ್ನ ಕಾಳಜಿ.

ಮುದುಕ ಬಾಗಿಲಿಗೆ ಅಡ್ಡ ನಿಂತಿದ್ದ. ಅವಳು ಸಂದೂಕದ ಪಕ್ಕ. ಅವನು ಏನೂ ಅನ್ನಲಿಲ್ಲ. ಎಲ್ಲೋ ಒಂದು ಕೋಳಿ ಕೆದರುವ ಸದ್ದು. ಈಗ ಅಂದಾನು, ಈಗ ಅಂದಾನು ಎಂದು ನಾವು ಉಸಿರು ಹಿಡಿದು ಕೂತಾಗ ಅವನು ಬಾಗಿಲು ಬಿಟ್ಟು ಸರಿದು, "ಹೋಗವ್ವ" ಅಂದ. ಅವಳು ಹೋದಳು. ಮತ್ತೆ ನೀರು.

ನಾನು ಗೆದ್ದವಳ ಹಾಗೆ ಮಾಮಾನ ಕಡೆ ನೋಡಿದೆ. "ನೀ ಬರದಾಂಗ ಮಾಡ್ಯಾರ ನೋಡು ಮಾಮಾ."

"ಮತ್ತೊಮ್ಮಿ ಹಚ್ಚು."

ಹಚ್ಚಿದೆ. ಮೂರನೆಯ ಸಲವೂ ಕೇಳಿದ, ಹಚ್ಚಿದೆ. ಆಮೇಲೆ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತ ಕೂತ.

"ಭಾಳ ಕೆಟ್ಟ ಮನಷ್ಯಾ ಅದಾನಲ ಇಂವ" ಅಂದ.

"ನೀನ ಬರದದ್ದು ಮಾಮಾ."

"ಬರದೇನಿ. ನೋಡಿದ್ದಿಲ್ಲ."

ಆಗ ನನಗೆ ಹೊಳೆಯಿತು. ನಾಟಕ ಆಡಿದ ನೂರು ಊರಿನಲ್ಲಿ ಒಂದು ಊರಿನಲ್ಲೂ ಅವನ ಮಾತನ್ನು ಅವನು ಬರೆದ ಹಾಗೆ ಯಾರೂ ಆಡಿಲ್ಲ. ತಾನು ಬರೆದ ಮುದುಕನ ಮುಖವನ್ನು ಅವನು ಮೊದಲ ಸಲ ನೋಡುತ್ತಿದ್ದದ್ದು ನಮ್ಮ ಮನೆಯ ಲ್ಯಾಪ್‌ಟಾಪಿನಲ್ಲಿ. ಅದು ಅವನಿಗೆ ಸೇರಲಿಲ್ಲ. ಖುಷಿಪಡಿಸಲು ಕರೆಸಿ ಅವನನ್ನು ನೋಯಿಸಿ ಕಳಿಸಿದ್ದೆ. ಬಸ್ಸು ಹತ್ತಿಸುವಾಗ ಇನ್ನೂ ಒಂದು ಸಲ ನಿಜ ಹೇಳಲು ಬಾಯಿ ತೆರೆದೆ, ಕಂಡಕ್ಟರ್ ಸೀಟಿ ಊದಿದ.

ಮೂರನೆಯವಳು ಇಂಡಿ ಪಟ್ಟಣದ ಚಂದ್ರಕಲಾ. ನಮ್ಮ ಹಳ್ಳಿಗಳಲ್ಲಿ ನಾಟಕ ಆಡುವ ಗಂಡಸರು ಊರವರು. ಹೆಣ್ಣು ಪಾತ್ರಕ್ಕೆ ಮಾತ್ರ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ಗಂಡಸರು ಎರಡು ತಿಂಗಳು ತಾಲೀಮು ಮಾಡಿರುತ್ತಾರೆ, ಇವರು ಅವತ್ತೇ ಬಸ್ಸಿಳಿದು ಬಂದು ನಿಂತು, ತಮ್ಮ ಮಾತಿನ ಜೊತೆ ಎದುರಿನವನು ಮರೆತ ಮಾತನ್ನೂ ಮೆಲ್ಲಗೆ ಹೇಳಿಕೊಟ್ಟು ನಾಟಕ ದಾಟಿಸುತ್ತಾರೆ. ಚಂದ್ರಕಲಾ ಹತ್ತೊಂಬತ್ತನೆಯ ವಯಸ್ಸಿನಿಂದ ಗೌರವ್ವನ ಪಾತ್ರ ಮಾಡಿದವಳು. ಈಗ ಐವತ್ತರ ಹತ್ತಿರ. ತನ್ನ ಮೊಬೈಲಿನಲ್ಲೇ, ಇಂಡಿಯ ಒಂದು ನಿಂಬೆ ತೋಟದ ಮನೆಯಲ್ಲಿ, ಗೊತ್ತಿದ್ದವರನ್ನು ಕಟ್ಟಿಕೊಂಡು ಸಿನೆಮಾ ಮಾಡಿದಳು. ಹೆಸರನ್ನು ಅರ್ಥಾತ್ ಸಮೇತ ಇಟ್ಟಿದ್ದಳು. ಕಳಿಸುವುದು ಗಿಳಿಸುವುದು ಗೊತ್ತಿಲ್ಲವೆಂದು ಫೋನಿನ ಜೊತೆ ಒಂದು ಚೀಲ ನಿಂಬೆಹಣ್ಣು ಹಿಡಿದು ಮಸೂತಿಗೆ ತಾನೇ ಬಂದಳು. ಅವತ್ತು ನಾನೂ ಅಲ್ಲಿದ್ದೆ.

"ಕವಿಗಳ, ತಪ್ಪ ಮಾಡಿದ್ರ ಹೊಟ್ಟ್ಯಾಗ ಹಾಕ್ಕೋರಿ" ಎಂದು ಫೋನನ್ನು ಮಷೀನಿಗೆ ಒರಗಿಸಿದಳು.

ಆ ಜಾಗ ಬಂತು. ಮಾವ, "ಸ್ವಲ್ಪ ತಡದು ಹೋಗವ್ವ" ಅಂದ. ಗೌರವ್ವ ಕೂತಳು. ಹಾಡಿಲ್ಲ, ನೀರಿಲ್ಲ, ಎಮ್ಮೆಯಿಲ್ಲ. ಕ್ಯಾಮೆರಾ ಅವಳನ್ನು ಬಿಟ್ಟು ಮುದುಕನ ಮೇಲೆ ನಿಂತಿತು. ಅವನಿಗೆ ಏನು ಮಾಡಬೇಕೆಂದು ತಿಳಿಯದು. ಬಾಯಿಂದ ಮಾತು ಬಿದ್ದುಹೋಗಿದೆ, ವಾಪಸ್ಸು ತೆಗೆದುಕೊಳ್ಳುವಂತಿಲ್ಲ. ಕಿವಿ ತುರಿಸಿಕೊಂಡ. ಒಳಗೆ ಹೋದ, ಯಾಕೆ ಹೋದೆ ಎಂದು ಮರೆತು ಬರಿಗೈಯಲ್ಲಿ ಹೊರಗೆ ಬಂದ. ನೆಟ್ಟಗೇ ಇದ್ದ ಕ್ಯಾಲೆಂಡರನ್ನು ನೆಟ್ಟಗೆ ಮಾಡಿದ. ಸೊಸೆಯ ಮುಖ ನೋಡಲಾರದೆ ಗೋಡೆಯ ಕಡೆ ತಿರುಗಿ ಕೇಳಿದ: "ಬಸ್ಸ ಎಷ್ಟಕ್ಕೈತಿ?"

ಮಾಮಾ ನಕ್ಕುಬಿಟ್ಟ. ನಗುತ್ತಲೇ ಇದ್ದವನ ಕಣ್ಣಿನಿಂದ ನೀರು ಇಳಿಯಿತು. ಅದನ್ನು ಒರೆಸಿಕೊಳ್ಳಬೇಕೆಂದೂ ಅವನಿಗೆ ಹೊಳೆಯಲಿಲ್ಲ.

"ಇದನ್ನ ನಾ ಬರದಿಲ್ಲ. ಯಾರ ಬರದ್ರು?"

"ಯಾರೂ ಬರದಿಲ್ರಿ. ನಾ ಆ ಸಂದೂಕದ ಮ್ಯಾಲ ನೂರ ಊರಾಗ ಕುಂತೇನ್ರಿ. ತಲಿ ಕೆಳಗ ಹಾಕಿರ್ತೇನಿ, ಆದ್ರ ಕಣ್ಣ ಮಾವನ ಮ್ಯಾಲನ ಇರ್ತಾವ್ರಿ. ಆ ಮಾತ ಆಡಿದ ಮ್ಯಾಲ ಮುಂದ ಏನ ಮಾಡೂದಂತ ಒಬ್ಬ ಗಂಡಸಿಗೂ ಗೊತ್ತಿರಂಗಿಲ್ರಿ. ಒಬ್ಬಾಂವ ಕಿವಿ ತುರಸ್ತಾನ, ಒಬ್ಬಾಂವ ಮೀಸಿ ಹಚ್ಚಿದ್ದು ಮರತು ಬಾಯಿ ಒರಸ್ಕೋತಾನ. ಅವನ್ನೆಲ್ಲಾ ಒಬ್ಬನ ಮೈಮ್ಯಾಲ ಹಾಕೇನ್ರಿ."

ನನ್ನನ್ನು ಕೇಳಿದರೆ ಮೂವರಲ್ಲಿ ನಾಟಕವನ್ನು ಸರಿಯಾಗಿ ಓದಿದವಳು ಇವಳೇ. ಯಲ್ಲಾಲಿಂಗ ಆ 'ಸ್ವಲ್ಪ'ವನ್ನು ತುಂಬಿಸಿದ, ಅನಿರುದ್ಧ ತೆಗೆದುಹಾಕಿದ, ಇವಳು ಅದನ್ನು ಇದ್ದಲ್ಲೇ ಬಿಟ್ಟು ಅದರೊಳಗೆ ಒಬ್ಬ ಮನುಷ್ಯ ಒದ್ದಾಡುವುದನ್ನು ನೋಡಿದಳು. ಹೀಗಂದರೆ ನನ್ನ ತಪ್ಪನ್ನು ನಾನೇ ಹೊಗಳಿಕೊಂಡಂತೆ ಆಗುತ್ತದೆ, ಇರಲಿ.

ಹೊರಡುವ ಮುಂಚೆ ಚಂದ್ರಕಲಾ ಬ್ಯಾಗಿನಿಂದ ನಾಟಕದ ಪುಸ್ತಕ ತೆಗೆದಳು. ಪುಸ್ತಕವಲ್ಲ, ಝೆರಾಕ್ಸು. "ಪುಸ್ತಕ ಎಲ್ಲೂ ಸಿಗವಲ್ದು, ಮತ್ತೊಮ್ಮಿ ಅಚ್ಚ ಹಾಕ್ಸರಿ ಕವಿಗಳ. ನಾವೆಲ್ಲಾರೂ ನಿಡಗುಂದ್ಯಾಗ ಸಂಗಪ್ಪ ಕಾಕಾನ ಅಂಗಡ್ಯಾಗ ಝೆರಾಕ್ಸ್ ಮಾಡಿಸ್ತೇವ್ರಿ. ಈ ನಾಟಕ ಅಂದ್ರ ಆತ ಚಲೋ ದಪ್ಪ ಕಾಗದನ ಹಾಕ್ತಾನ್ರಿ. ಉಳದದ್ದಕ್ಕೆಲ್ಲಾ ತೆಳ್ಳಂದು."

ಪ್ರೆಸ್ಸು ಮುಚ್ಚಿದ ಮೇಲೆ ಸಂಗಪ್ಪ ನಿಡಗುಂದಿಯಲ್ಲಿ ಮಗನ ಝೆರಾಕ್ಸ್ ಅಂಗಡಿಯಲ್ಲಿ ಕೂರುತ್ತಾನೆಂದು ನನಗೆ ಗೊತ್ತಿತ್ತು. ದಪ್ಪ ಕಾಗದದ ಸಂಗತಿ ಗೊತ್ತಿರಲಿಲ್ಲ. ಮಾಮಾ ಆ ಝೆರಾಕ್ಸಿನ ಒಂದು ಹಾಳೆಯನ್ನು ಬಟ್ಟೆಯ ಗುಣ ನೋಡುವವನ ಹಾಗೆ ಎರಡು ಬೆರಳಿನಲ್ಲಿ ಹಿಡಿದು ತಿಕ್ಕಿ ನೋಡಿದ.

ಅವಳು ಹೋದ ಮೇಲೆ ನಾನು ಇನ್ನು ತಡೆಯಲಾರೆ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. "ಮಾಮಾ, ಆ ಕಂಸ ಬಿಟ್ಟಾಕಿ ನಾನು. ಹಸರ ಶಾಯಿ ತೀರಿತ್ತು. ಸಂಗಪ್ಪ ಮಾಮಾಂದ ಏನೂ ತಪ್ಪಿಲ್ಲ."

ಮಾಮಾ ಸೂಜಿಗೆ ದಾರ ಪೋಣಿಸುತ್ತಿದ್ದ. ಪೋಣಿಸುವುದನ್ನು ನಿಲ್ಲಿಸಲಿಲ್ಲ. "ಗೊತ್ತೈತಿ."

"ಯಾವಾಗಿಂದ?"

"ಅವತ್ತಿಂದನ. ಪ್ರೆಸ್ಸಿಗಿ ಹೋದ ಕೂಡಲೇ ಆಂವ ನಿನ್ನ ಕಾಪಿ ತೋರಿಸಿದ. ಹಸರ ಶಾಯಿ ನೋಡಿ ಇಬ್ರೂ ನಕ್ಕೇವಿ."

"ಮತ್ತ ಮಾತ ಯಾಕ ಬಿಟ್ಟಿ?"

"ಕಾಪಿ ತೋರಿಸಿ ಸುಮ್ಮನಾಗಿದ್ರ ಮುಗೀತಿತ್ತು. 'ಗುರ್ಯಾ, ನೀ ಬರದದ್ದಕ್ಕಿಂತ ಇದ ಚಲೋ ಐತಿ, ಹಿಂಗ ಇರ್ಲಿ ಬಿಡು' ಅಂದ. ಮೂರ ತಿಂಗಳ ಕುಂತ ಬರದೇನಿ ಸುಮಿ. ಒಂದ ಹುಡಿಗಿ ಶಾಯಿ ತೀರಿ ಬಿಟ್ಟದ್ದು ನನ್ನ ಮಾತಿಗಿಂತ ಚಲೋ ಅಂದ್ರ ಅವನ ಕೂಡ ನಾ ಏನ ಮಾತಾಡ್ಲಿ?"

ಮೂವತ್ತೆರಡು ವರ್ಷ ಒಂದು ಗೆಳೆತನ ಮುರಿದ ಪಾಪಿ ನಾನೆಂದು ಎಷ್ಟು ಮರುಗಿದ್ದೇನೆ, ಒಳಗೊಳಗೇ ಅದರ ಬಗ್ಗೆ ಒಂದು ದೊಡ್ಡಸ್ತಿಕೆಯೂ ಇತ್ತೆಂದು ಈಗ ಗೊತ್ತಾಯಿತು. ಆ ಜಗಳದಲ್ಲಿ ನನಗೆ ಒಂದು ಸಣ್ಣ ಪಾತ್ರವೂ ಇರಲಿಲ್ಲ. ಉಂಡಿಯನ್ನಾದರೂ ನೆಮ್ಮದಿಯಾಗಿ ತಿನ್ನಬಹುದಿತ್ತು.

"ಈಗೇನಂತಿ? ಯಾವುದ ಚಲೋ?" ಎಂದು ಕೇಳಿದೆ.

"ದಿಂಬಿನ ಚೀಲ ಐದ ಹೊಲಿಯೂದೈತಿ, ನಡಿ" ಎಂದು ಮಷೀನು ತುಳಿಯತೊಡಗಿದ.

ಹೊಸ ಮುದ್ರಣದ ಕೆಲಸ ನಾನೇ ಹಚ್ಚಿಕೊಂಡೆ. ಇಡೀ ನಾಟಕವನ್ನು ಕಂಪ್ಯೂಟರಿನಲ್ಲಿ ಟೈಪು ಮಾಡಿದೆ. ಎರಡನೆಯ ಅಂಕದ ಕೊನೆಗೆ ಬಂದಾಗ ಕೈ ತೊಳೆದುಕೊಂಡು ಬಂದು ಆ ಎರಡು ಕಂಸಗಳನ್ನು ಹಾಕಿದೆ. ಪ್ರೂಫು ಒಯ್ದು ಮಾಮಾನ ಕೈಗೆ ಕೊಟ್ಟೆ. ಎರಡು ದಿನ ಇಟ್ಟುಕೊಂಡು ಓದಿ ಹಿಂತಿರುಗಿಸಿದ. ಉಳಿದ ಪುಟಗಳಲ್ಲಿ ಒಂದು ಗುರುತೂ ಇರಲಿಲ್ಲ. ಅಲ್ಲೊಂದು ಕಡೆ ಮಾತ್ರ ಬಟ್ಟೆಗೆ ಗುರುತು ಹಾಕುವ ನೀಲಿ ಪೆನ್ಸಿಲಿನಿಂದ ಎರಡೂ ಕಂಸ ಹೊಡೆದುಹಾಕಿದ್ದ.

"ಸಂಗ್ಯಾಗ ಒಮ್ಮಿ ತೋರಿಸ್ಕೊಂಡ ಬಾ. ಪ್ರೂಫ ನೋಡೂದ ಅವಂಗ ಗೊತ್ತೈತಿ" ಅಂದ. ಮಷೀನಿನಿಂದ ತಲೆ ಎತ್ತಲಿಲ್ಲ. "ನಾ ಕಳಿಸೇನಿ ಅನಬ್ಯಾಡ."

ನಿಡಗುಂದಿಯ ಬಸ್ಸು ಹಿಡಿದೆ. ಸಂಗಪ್ಪ ಮಾಮಾ ಕನ್ನಡಕದ ಮೇಲೆ ಇನ್ನೊಂದು ಭೂತಗನ್ನಡಿ ಹಿಡಿದು ಮೊದಲ ಪುಟದಿಂದ ಓದಿದ. ಹಾಲ್ ಟಿಕೆಟು, ಆಧಾರು ಹಿಡಿದು ಬಂದವರೆಲ್ಲ ಕಾಯುತ್ತ ನಿಂತರು. ಆ ಪುಟ ಬಂತು. ನೀಲಿ ಪೆನ್ಸಿಲಿನ ಗೆರೆಯ ಮೇಲೆ ಬೆರಳು ಇಟ್ಟ, ಬಹಳ ಹೊತ್ತು ತೆಗೆಯಲಿಲ್ಲ.

"ಇದು ಗುರ್ಯಾನ ಕೈ" ಅಂದ. "ತಾನ ಹೊಡದಾನ?"

"ಹೌದ್ರಿ."

ಅವನು ಮಗನ ಕಿಸೆಯಿಂದ ಕೆಂಪು ಪೆನ್ನು ಕಿತ್ತುಕೊಂಡು, ಹೊಡೆದುಹಾಕಿದ್ದರ ಮೇಲೆ ಎರಡು ಕಂಸಗಳನ್ನು ಮತ್ತೆ ಬರೆದ. ಕಂಸ ಮೊಳೆಯಲ್ಲಿ ಒತ್ತಿದಷ್ಟು ಅಚ್ಚುಕಟ್ಟಾಗಿ ಬಂದವು. "ಕವಿ ಬರದಾಂಗ ಇರಬೇಕವ್ವ. ಅವತ್ತ ನಾ ಆ ಮಾತ ಆಡಬಾರದಿತ್ತು. ಬರದಾಂವಗ ಹಂಗ ಅನಬಾರದು."

ಅಲ್ಲಿಂದಲೇ ಮಾಮಾನಿಗೆ ಫೋನು ಹಚ್ಚಿ ಹೀಗಾಗಿದೆ ಎಂದೆ. ಆ ಕಡೆ ಮಷೀನು ನಿಂತಿತು.

"ಫೋನ ಕೊಡು ಅವಂಗ" ಅಂದ.

ಕೊಟ್ಟೆ. ಮೂವತ್ತೆರಡು ವರ್ಷದ ಮೇಲೆ ಅವರಿಬ್ಬರೂ ಆಡಿದ ಮೊದಲ ಮಾತನ್ನು ಝೆರಾಕ್ಸ್ ಅಂಗಡಿಯಲ್ಲಿದ್ದವರೆಲ್ಲ ಕೇಳಿದರು, ಮಾಮಾನ ದನಿ ಅಷ್ಟು ಜೋರು.

"ಲೇ ಸಂಗ್ಯಾ, ಕಂಸ ತಗಿ."

"ತಗ್ಯಾಂಗಿಲ್ಲ."

"ನನ್ನ ನಾಟಕ ಅದು."

"ಅದಕ್ಕ ಇರಬೇಕಂತೇನಿ."

"ನೀ ಅಂದದ್ದ ಖರೆ ಐತೋ ಮಾರಾಯಾ, ತಗಿ."

"ನೀ ಬರದದ್ದ ಖರೆ ಐತಿ, ಸುಮ್ಮ ಕುಂಡ್ರು."

ಇದು ನಡೆದು ನಾಲ್ಕು ತಿಂಗಳಾಯಿತು. ದಿನಾ ಮಧ್ಯಾಹ್ನ ಊಟವಾದ ಮೇಲೆ ಇಬ್ಬರಲ್ಲಿ ಒಬ್ಬ ಇನ್ನೊಬ್ಬನಿಗೆ ಫೋನು ಮಾಡುತ್ತಾನೆ. ಮೊದಲು ಮೊಣಕಾಲಿನ ನೋವು, ಆಮೇಲೆ ಸತ್ತವರ ಸುದ್ದಿ, ಆಮೇಲೆ ಕಂಸ. ಅಲ್ಲಿಗೆ ಬಂದ ಮೇಲೆ ದನಿ ಏರುತ್ತದೆ. ಒಬ್ಬ ಹಾಕು ಅನ್ನುತ್ತಾನೆ, ಒಬ್ಬ ತೆಗೆ ಅನ್ನುತ್ತಾನೆ, ಇಬ್ಬರೂ ಸಿಟ್ಟಿನಿಂದ ಫೋನು ಇಡುತ್ತಾರೆ, ಮರುದಿನ ಮಧ್ಯಾಹ್ನ ಮತ್ತೆ ಮಾಡುತ್ತಾರೆ. ಚಂದ್ರಕಲಾ ವಾರಕ್ಕೊಮ್ಮೆ ಪುಸ್ತಕ ಎಲ್ಲಿಗೆ ಬಂತು ಎಂದು ಕೇಳುತ್ತಾಳೆ. ಇಬ್ಬರಲ್ಲಿ ಒಬ್ಬರು ಸೋತ ದಿನ ಅಚ್ಚಿಗೆ ಕೊಡುತ್ತೇನೆ ಎಂದು ಹೇಳಿದ್ದೇನೆ. ಇಬ್ಬರೂ ಸೋಲದಿರಲಿ.